ಬಹುಶಃ ಎಂದರೆ ಬರುತ್ತೀಯೋ, ಇಲ್ಲವೋ?

ಪ್ರಿಯ ಗೆಳೆಯ,

ಭಾನುವಾರ ಬಹುಶಃ ತುಮಕೂರಿಗೆ ಬರುತ್ತೇನೆ ಎಂದು ನಾನು ಕಳಿಸಿದ ಸಂದೇಶಕ್ಕೆ, "ಬಹುಶಃ ಎಂದರೆ ಬರುತ್ತೀಯೋ, ಇಲ್ಲವೋ? ಎಷ್ಟು ಜನಕ್ಕೆ ಎಸರಿಡುವುದು?" ಎಂದು ನೀನು ಕೇಳಿದ್ದೆ. ಫೋನಿನಲ್ಲೇ ಉತ್ತರ ಹೇಳಿ ಮುಗಿಸಬಹುದಿತ್ತು. ಆದರೆ ಆ ಪದ ಎರಡು ದಿನಗಳಿಂದ ನನ್ನನ್ನು ಬಿಟ್ಟಿಲ್ಲವಾದ್ದರಿಂದ ಈ ಪತ್ರ.

ಸಂಸ್ಕೃತದ ಬಹುಶಃ ಎಂಬುದಕ್ಕೆ ಅನುಮಾನದ ಸೋಂಕೇ ಇಲ್ಲ. 'ಬಹು' ಎಂಬುದಕ್ಕೆ 'ಶಸ್' ಪ್ರತ್ಯಯ ಸೇರಿ ಆದ ಆ ಮಾತಿಗೆ ಅಲ್ಲಿ ಬಹಳವಾಗಿ, ಮತ್ತೆ ಮತ್ತೆ, ಹಲವು ಬಗೆಯಲ್ಲಿ ಎಂದು ಅರ್ಥ. ಈ ಪ್ರತ್ಯಯವನ್ನು ವಿಧಿಸುವುದು ಪಾಣಿನಿಯ ಸಂಸ್ಕೃತ ವ್ಯಾಕರಣವಾದ ಅಷ್ಟಾಧ್ಯಾಯಿಯ 5.4.42ನೆಯ ಸೂತ್ರ, ತಮಾಷೆಯೆಂದರೆ ಆ ಸೂತ್ರದ ಕೊನೆಯ ಪದ 'ಅನ್ಯತರಸ್ಯಾಂ', ಅಂದರೆ ಪ್ರತ್ಯಯ ಬಂದರೂ ಸರಿ, ಬಾರದಿದ್ದರೂ ಸರಿ. ಅರ್ಥದಲ್ಲಿಲ್ಲದ ಅನಿಶ್ಚಯ ಪದದ ಹುಟ್ಟಿನಲ್ಲೇ ಕುಳಿತಿತ್ತು ಎಂದು ನಾನು ನಕ್ಕೆ. ಇದೇ ಶಸ್ ಪ್ರತ್ಯಯದ ಅಕ್ಷರಶಃ, ಕ್ರಮಶಃ ಎಂಬವು ಕನ್ನಡದಲ್ಲಿಯೂ ಗಟ್ಟಿಯಾಗಿಯೇ ಉಳಿದಿವೆ. ಸಡಿಲವಾದವು ಬಹುಶಃ ಮತ್ತು ಪ್ರಾಯಶಃ. ಹೆಚ್ಚು ಸಲ ನಡೆದದ್ದು ಈ ಸಲವೂ ನಡೆದೀತು ಎಂಬ ಎಣಿಕೆಯ ಹಿಂದೆಯೇ, ನಡೆಯದೆಯೂ ಹೋದೀತು ಎಂಬ ಅಳುಕು ಒಳಗೆ ಬಂದಿರಬೇಕು. (ನೀನು ಬಹುಷಃ ಎಂದು ಬರೆಯುತ್ತೀಯೆ. ಶಸ್ ಎಂಬುದನ್ನು ನೆನಪಿಟ್ಟುಕೊಂಡರೆ ಆ ತಪ್ಪಾಗದು.)

ಇದಕ್ಕಿಂತ ನನಗೆ ಪ್ರಿಯವಾದದ್ದು ನಮ್ಮದೇ ಆದ 'ಬಹುದು'. ಬಹುಶಃ ಎಂಬುದರ ಬಹುವಿಗೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ, ಕಿವಿಗೆ ಅಣ್ಣತಮ್ಮಂದಿರಂತೆ ಕೇಳಿಸುತ್ತವೆ ಅಷ್ಟೆ. ಹಳಗನ್ನಡದ ಬರ್ಪುದು ನಡುಗನ್ನಡದಲ್ಲಿ ಬಪ್ಪುದು, ಬಹುದು ಎಂದಾಯಿತು. ಅದು ಬರುವುದು ಎಂಬುದೇ. 'ಈಜಲು ಬರುತ್ತದೆ' ಎಂದು ನಾವು ಇಂದಿಗೂ ಹೇಳುವಂತೆ, ಮಾಡಬಹುದು ಎಂದರೆ ಮಾಡಲು ಬರುವುದು, ಮಾಡಬಾರದು ಎಂದರೆ ಮಾಡಲು ಬರದು. ಶಕ್ತಿ, ಅನುಮತಿ, ಸಂಭವ ಮೂರನ್ನೂ ಆ ಒಂದು ಕ್ರಿಯಾಪದವೇ ಹೊತ್ತುಕೊಂಡಿದೆ. ಹಾಗಾದರೆ 'ಮಳೆ ಬರಬಹುದು' ಎಂಬಲ್ಲಿ ಬರುವ ಕ್ರಿಯೆ ಎರಡು ಸಲ ಬಂದಿದೆ, ಆದರೂ ಮಳೆ ಬಂದೇ ಬರುತ್ತದೆಂಬ ಭರವಸೆಯಿಲ್ಲ!

ಇದು ನನಗೆ ಹೊಳೆದದ್ದು ಹೋದ ವರ್ಷ, ಶ್ರೀನಿವಾಸಪುರದ ಬಳಿಯ ನಮ್ಮ ಊರಿನ ಕಣದಲ್ಲಿ. ರಾಗಿ ಒಕ್ಕಣೆಯ ಹೊತ್ತಿಗೆ ಸರಿಯಾಗಿ ಮೂಡಲಿಂದ ಮೋಡ ಕವಿಯಿತು. ಮನೆಯೊಳಗೆ ತೆಲುಗು, ಹೊರಗೆ ಕನ್ನಡ ಆಡುವ ನಮ್ಮ ಅಜ್ಜಿ, ಮೊರವನ್ನು ಕೆಳಗಿಟ್ಟು, ಹಣೆಯ ಮೇಲೆ ಕೈಯಿಟ್ಟು ನೋಡಿ, ನನಗೆ "ವಾನ ರಾವಚ್ಚು" ಎಂದರು. ಆಚೆ ಕಣದವರ ಕಡೆ ತಿರುಗಿ, "ಮಳೆ ಬರ್ಬೋದಮ್ಮ, ಟಾರ್ಪಾಲು ಎಳ್ಕೊಳ್ಳಿ" ಎಂದು ಕೂಗಿದರು. ರಾವಚ್ಚು ಎಂಬುದರ ಬಾಲದಲ್ಲಿರುವ ವಚ್ಚು ಕೂಡ ಬರುವುದೇ. ಎರಡು ನುಡಿಗಳೂ ಬರುವುದರ ಮೇಲೆ ಬರುವುದನ್ನೇ ಹೇರಿ ಸಂಭವವನ್ನು ಹೇಳುತ್ತವೆ, ಅಜ್ಜಿ ಒಂದರಿಂದ ಇನ್ನೊಂದಕ್ಕೆ ಉಸಿರು ತಡೆಯದೆ ದಾಟಿದ್ದರು. ಬಹುಶಃ ಎಂಬ ಪದವನ್ನು ಅವರ ಬಾಯಲ್ಲಿ ನಾನು ಒಮ್ಮೆಯೂ ಕೇಳಿಲ್ಲ. ಅದು ನಮ್ಮ ಕಡೆ ಪತ್ರಿಕೆ ಓದುವವರ, ಭಾಷಣ ಮಾಡುವವರ ಮಾತು. ಟಾರ್ಪಾಲು ಎಳೆದದ್ದಾಯಿತು, ನಾಲ್ಕು ಹನಿ ಉದುರಿತು, ಬಿಸಿಲು ಬಂತು.

ಇನ್ನು ನಿನ್ನ ಪ್ರಶ್ನೆ. ಭಾನುವಾರ ಬರುತ್ತೇನೆ, ನನ್ನನ್ನೂ ಸೇರಿಸಿಯೇ ಎಸರಿಡು. ಈ ವರ್ಷದ ರಾಗಿ ಇನ್ನೂ ಚೀಲಕ್ಕೆ ಬಿದ್ದಿಲ್ಲ; ಒಕ್ಕಣೆ ನಿಂತು ಬರಲಾಗದಿದ್ದರೆ ಶನಿವಾರ ಸಂಜೆಯೊಳಗೆ ಫೋನು ಮಾಡುತ್ತೇನೆ.

ಇಂತಿ,
ನಿನ್ನ ಗೆಳೆಯ