ನೀನು ಇಂಟ್ರೋವರ್ಟ್ ಅಲ್ಲ, ಶೈ

ಪ್ರೀತಿಯ ಪುಟ್ಟಿ,

ಸೆಮಿನಾರಿಗೆ ಕೊಟ್ಟ ಹೆಸರನ್ನು ವಾಪಸ್ ತಗೊಂಡೆ, 'ನಾನು ಇಂಟ್ರೋವರ್ಟ್ ಅಲ್ವಾ ಅಪ್ಪ' ಅಂತ ಮೆಸೇಜ್ ಹಾಕಿದ್ದೀಯ. ಫೋನಲ್ಲಿ ಹೇಳಲು ಹೋದರೆ ಅರ್ಧಕ್ಕೇ ತಡೆಯುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಇಂಟ್ರೋವರ್ಟ್ ಅಲ್ಲ ಕಣೇ, ಶೈ. ಹೊರಗಿನಿಂದ ನೋಡಿದರೆ ಫರಕು ಗೊತ್ತಾಗುವುದಿಲ್ಲ. ಇಬ್ಬರೂ ಮದುವೆಮನೆಯಲ್ಲಿ ಮೂಲೆ ಹುಡುಕುವವರೇ. ಇಂಟ್ರೋವರ್ಟ್‌ಗೆ ಆ ಮೂಲೆಯೇ ಹಿತ. ಶೈ ಆದವರಿಗೆ ಜನರ ನಡುವೆ ಹೋಗುವ ಆಸೆ ಇರುತ್ತದೆ, ಯಾರು ಏನಂದುಕೊಳ್ಳುತ್ತಾರೋ ಅನ್ನುವ ಭಯ ಬಿಡುವುದಿಲ್ಲ.

ನಿನ್ನ ಚಿಕ್ಕಪ್ಪನನ್ನೇ ನೋಡು. ಯಕ್ಷಗಾನದಲ್ಲಿ ಬರೆದಿಟ್ಟ ಮಾತಿಲ್ಲ, ರಂಗದಲ್ಲೇ ಹೊಳೆದದ್ದನ್ನು ಆಡಬೇಕು. ಬೆಳಗಿನ ಜಾವದವರೆಗೆ ಅಷ್ಟು ಜನರೆದುರು ವಾದ ಮಾಡಿದವನು ಮನೆಗೆ ಬಂದರೆ ಬಾಯೇ ಬಿಡುವುದಿಲ್ಲ. ಅವನಿಗೆ ಭಯವೇನಿಲ್ಲ, ಜನ ಸಾಕಾಗಿರುತ್ತದೆ ಅಷ್ಟೇ. ಇಂಟ್ರೋವರ್ಟ್ ಅಂದರೆ ಅವನು.

ನೀನು? ರಜೆಗೆ ಬಂದರೆ ಅಡುಗೆಮನೆಯಲ್ಲಿ ಅಮ್ಮನಿಗೆ ಒಂದು ಮಾತಾಡಲೂ ಬಿಡುವುದಿಲ್ಲ. ರೂಮಿನವರು ನಿನ್ನನ್ನು ಕರೆಯದೆ ಸಿನಿಮಾಕ್ಕೆ ಹೋದಾಗ ಅತ್ತುಬಿಟ್ಟೆಯಲ್ಲ! ಚಿಕ್ಕಪ್ಪನಾಗಿದ್ದರೆ ಉಸ್ಸಪ್ಪಾ ಅಂತ ಮಲಗುತ್ತಿದ್ದ.

ಇಂಟ್ರೋವರ್ಟ್ ಅನ್ನುವುದನ್ನು ಚಾಲ್ತಿಗೆ ತಂದದ್ದು ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್, 1921ರ ಪುಸ್ತಕದಲ್ಲಿ. ಮನಸ್ಸು ಹೊರಗಿನ ಗದ್ದಲಕ್ಕಿಂತ ತನ್ನೊಳಗಿನದರ ಕಡೆ ಜಾಸ್ತಿ ವಾಲುವುದನ್ನು ಅವರು ಹಾಗೆ ಕರೆದರು. 1981ರಲ್ಲಿ ಅಮೆರಿಕದ ಚೀಕ್ ಮತ್ತು ಬಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಪರಿಚಯವಿಲ್ಲದ ಕಾಲೇಜು ಹುಡುಗಿಯರನ್ನು ಇಬ್ಬಿಬ್ಬರಾಗಿ ಮಾತಿಗೆ ಕೂರಿಸಿದರು. ಜಾಸ್ತಿ ಒದ್ದಾಡಿದವರು ಯಾರು ಗೊತ್ತಾ? ಬೆರೆಯುವ ಆಸೆ, ನಾಚಿಕೆ ಎರಡೂ ಇದ್ದವರು. ಓದುವಾಗ ನೀನೇ ಕಣ್ಣಮುಂದೆ ಬಂದೆ.

ಈಗ ಇಂಟ್ರೋವರ್ಟ್ ಅಂದುಕೊಳ್ಳುವುದರಲ್ಲಿ ಒಂದು ಗತ್ತಿದೆ. ಇನ್‌ಸ್ಟಾಗ್ರಾಂ ತುಂಬಾ ಅದೇ. ಶೈ ಅಂದರೆ ಎಲ್‌ಕೇಜಿ ಮಗುವಿಗೆ ಹೇಳಿದ ಹಾಗೆ ಕೇಳಿಸುತ್ತದೆ, ಒಪ್ಪುತ್ತೇನೆ. ಆದರೆ ಚಿಕ್ಕಪ್ಪ ಬದಲಾಗಬೇಕಾದ್ದು ಏನೂ ಇಲ್ಲ. ನಿನ್ನದು ಹಾಗಲ್ಲ. ನಾಚಿಕೆ ತಪ್ಪಿಸಿಕೊಂಡಷ್ಟೂ ಬಲಿಯುತ್ತದೆ, ಸ್ವಲ್ಪ ಸ್ವಲ್ಪವೇ ಎದುರಿಸಿದರೆ ಸಡಿಲವಾಗುತ್ತದೆ.

ಮೊದಲು ಸೆಮಿನಾರಿನ ಮಾತನ್ನು ರೂಮಿನವರ ಮುಂದೆ ಒಂದು ಸಲ ಹೇಳಿ ನೋಡು. ಆಮೇಲೆ ಮೇಡಂ ಹತ್ತಿರ ಹೋಗಿ ಮತ್ತೆ ಹೆಸರು ಕೊಡು. ಆಗಲ್ಲ ಅನ್ನಿಸಿದರೆ ಬಿಡು, ನಾನೇನೂ ಬಯ್ಯುವುದಿಲ್ಲ. ಕಾರಣ ಮಾತ್ರ ಬೇರೆ ಹೇಳು.

ಇಂತಿ,
ಅಪ್ಪ