ರೆಕ್ಕೆ ಬಿಡಿಸಿ ನೋಡುವ ಮೊದಲು

ಸೋಮವಾರಪೇಟೆ

ಪ್ರೀತಿಯ ಕಾವೇರಿಗೆ ದೊಡ್ಡಮ್ಮನ ಆಶೀರ್ವಾದಗಳು.

ಐವತ್ತು ಮರಿ ತರಿಸುತ್ತೀಯಂತೆ, ಮೊಟ್ಟೆಗೆ ಹೇಂಟೆ ಇಟ್ಟುಕೊಂಡು ಹುಂಜಗಳನ್ನು ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಮಾರುವ ಲೆಕ್ಕವಂತೆ, ನಿಮ್ಮಮ್ಮ ಹೇಳಿದಳು. ಮೊಬೈಲಿನಲ್ಲಿ ಯಾರೋ ಮರಿಯ ರೆಕ್ಕೆ ಬಿಡಿಸಿ ಪಟಪಟನೆ ಗಂಡು ಹೆಣ್ಣು ವಿಂಗಡಿಸುವುದನ್ನೂ ನೋಡಿದೆಯಂತೆ. ಆ ವಿಡಿಯೋ ಸುಳ್ಳಲ್ಲ. ಆದರೆ ಆ ಗುರುತು ಎಲ್ಲ ಮರಿಯಲ್ಲೂ ಸಿಗುವುದಿಲ್ಲ. ಅಪ್ಪ ಯಾವ ತಳಿ, ಅಮ್ಮ ಯಾವ ತಳಿ ಎಂದು ಗೊತ್ತಿಲ್ಲದಿದ್ದರೆ ರೆಕ್ಕೆ ಬಿಡಿಸುವುದು ನಾಣ್ಯ ಚಿಮ್ಮಿದ ಹಾಗೆಯೇ.

ಕಾರಣ ಇಷ್ಟು. ಕೋಳಿಯಲ್ಲಿ ಗರಿ ಬೇಗ ಮೂಡುವ ತಳಿ ಇದೆ, ತಡವಾಗಿ ಮೂಡುವ ತಳಿ ಇದೆ. ಎರಡೂ ಒಂದೇ ಮರಿಯಲ್ಲಿ ಸೇರಿದರೆ ತಡದ ಗುಣವೇ ಮೇಲಾಗುತ್ತದೆ. ಈ ಗುಣ ಕೂತಿರುವುದು ಝಡ್ ಎಂಬ ವರ್ಣತಂತುವಿನಲ್ಲಿ. ಹುಂಜಕ್ಕೆ ಎರಡು ಝಡ್, ಹೇಂಟೆಗೆ ಒಂದೇ. ಹೆಣ್ಣುಮರಿಗೆ ಆ ಒಂದು ಝಡ್ ಬರುವುದು ಅಪ್ಪನಿಂದ. ತಾಯಿಯ ಝಡ್ ಹೋಗುವುದು ಗಂಡುಮಕ್ಕಳಿಗೆ. ಅದಕ್ಕೇ ಹ್ಯಾಚರಿಯವರು ಬೇಗ ಗರಿ ಬರುವ ಹುಂಜಕ್ಕೆ ತಡವಾಗಿ ಗರಿ ಬರುವ ಹೇಂಟೆಯನ್ನು ಕೂಡಿಸುತ್ತಾರೆ. ಆಗ ಹೆಣ್ಣುಮರಿಗಳೆಲ್ಲ ಅಪ್ಪನಂತೆ ಬೇಗ, ಗಂಡುಮರಿಗಳೆಲ್ಲ ಅಮ್ಮನಂತೆ ತಡ. ಜೋಡಿ ಅದಲುಬದಲಾಯಿತೋ, ಮರಿಗಳೆಲ್ಲ ಒಂದೇ ಸಮ ತಡ. ವಿಂಗಡಿಸಲು ಏನೂ ಉಳಿಯುವುದಿಲ್ಲ.

ಮುಂದಿನ ವರ್ಷ ಇದೇ ಹುಂಜ ಹೇಂಟೆಯಿಂದ ಮನೆಯಲ್ಲೇ ಮರಿ ಮಾಡಿಸುವ ಆಸೆ ನಿನಗೆ ಬಂದೇ ಬರುತ್ತದೆ. ಮಾಡಿಸು, ಬೇಡ ಎನ್ನುವುದಿಲ್ಲ. ಆದರೆ ಆ ಮರಿಗಳ ರೆಕ್ಕೆ ನೋಡಬೇಡ. ಆ ಹುಂಜದಲ್ಲಿ ತಡದ್ದೊಂದು, ಬೇಗದ್ದೊಂದು ಝಡ್ ಇರುವುದರಿಂದ ಹೆಣ್ಣಿನಲ್ಲೂ ಅರ್ಧ ಬೇಗ, ಅರ್ಧ ತಡ, ಗಂಡಿನಲ್ಲೂ ಹಾಗೇ. ನಮ್ಮ ಕಡೆ ‘ಗರಿ ನೋಡಿ ಹೇಳಿದ್ದು ಸುಳ್ಳಾಯಿತು’ ಎನ್ನುವವರಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲೇ.

ಈಗ ನೋಡುವ ಕ್ರಮ. ಮರಿಯನ್ನು ಎಡಗೈ ಬೊಗಸೆಯಲ್ಲಿ ಕೂರಿಸಿಕೋ. ಹೊಟ್ಟೆ ಒತ್ತಬೇಡ, ಒಳಗೆ ಇನ್ನೂ ಕರಗದ ಹಳದಿ ಇರುತ್ತದೆ. ಬಲಗೈಯಿಂದ ಒಂದು ರೆಕ್ಕೆಯ ತುದಿ ಹಿಡಿದು ಬೀಸಣಿಗೆಯಂತೆ ಮೆಲ್ಲಗೆ ಬಿಡಿಸಿ, ಬಲ್ಬಿನ ಬೆಳಕಿಗೆ ಅಡ್ಡ ಹಿಡಿ. ಎರಡು ಸಾಲು ಕಾಣುತ್ತದೆ. ಕೆಳಗಿನದು ಮುಂದೆ ಹಾರುವ ಗರಿಯಾಗುವ ಕಡ್ಡಿ, ಅದರ ಬುಡ ಮುಚ್ಚಿಕೊಂಡಂತೆ ಮೇಲಿನದು ಹೊದಿಕೆ ಗರಿ. ಹೆಣ್ಣುಮರಿಯಲ್ಲಿ ಕೆಳಸಾಲು ಸ್ಪಷ್ಟವಾಗಿ ಉದ್ದ, ಮೇಲಿನದು ಗಿಡ್ಡ. ಒಂದು ಉದ್ದ ಒಂದು ಗಿಡ್ಡ, ಹಲ್ಲು ಬಿಟ್ಟ ಬಾಚಣಿಗೆಯ ಹಾಗೆ. ಗಂಡಿನಲ್ಲಿ ಎರಡೂ ಸಾಲು ಸಮ, ಕತ್ತರಿಯಲ್ಲಿ ಸವರಿದಂತೆ. ಕೆಲವಕ್ಕೆ ಮೇಲಿನ ಸಾಲೇ ಕೆಳಗಿನದನ್ನು ದಾಟಿರುತ್ತದೆ, ಅದೂ ಗಂಡೇ. ಕಷ್ಟ ಕೊಡುವುದು ಕೆಳಸಾಲಿನ ಒಂದೆರಡು ಗರಿ ಮಾತ್ರ ಕೂದಲೆಳೆಯಷ್ಟು ಮುಂದಿರುವ ಮರಿ. ಅಂಥದ್ದು ಹೆಚ್ಚಾಗಿ ಗಂಡೇ ಆದರೂ ಹಟ ಹಿಡಿದು ತೀರ್ಮಾನ ಮಾಡಬೇಡ. ಮೂರನೇ ಪೆಟ್ಟಿಗೆಗೆ ಹಾಕು. ಗರಿ ಎಷ್ಟು ಉದ್ದ ಎಂಬುದು ಮುಖ್ಯವಲ್ಲ, ಎರಡು ಸಾಲಿನ ಅಂತರ ಮುಖ್ಯ.

ಇದೆಲ್ಲ ಮೊಟ್ಟೆಯೊಡೆದ ಮೊದಲ ದಿನದ ಮಾತು. ಎರಡನೆಯ ದಿನಕ್ಕೆ ಮಸುಕಾಗುತ್ತದೆ, ಮೂರು ದಿನ ದಾಟಿದರೆ ಗಂಡಿನ ಕೆಳಸಾಲೂ ಉದ್ದವಾಗಿ ಎಲ್ಲವೂ ಹೆಣ್ಣಿನಂತೆ ಕಾಣುತ್ತದೆ. ನಮಗೆ ತೊಂದರೆ ಇರುವುದು ಇಲ್ಲೇ. ಹೊಟ್ಟೆಯ ಹಳದಿಯ ಬಲದಲ್ಲಿ ಮರಿ ಎರಡು ಮೂರು ದಿನ ತಡೆದುಕೊಳ್ಳುವುದರಿಂದ ವ್ಯಾಪಾರಿಗೆ ಅವಸರವಿಲ್ಲ. ಬೆಂಗಳೂರು ಕಡೆಯಿಂದ ಘಾಟಿ ಹತ್ತಿ ಸುಂಟಿಕೊಪ್ಪಕ್ಕೆ ಬರುವಷ್ಟರಲ್ಲಿ ಒಂದು ದಿನ ಕಳೆದಿರುತ್ತದೆ. ‘ಒಂದು ದಿನದ ಮರಿ’ ಎಂಬ ಮಾತಿಗೆ ಬೆಲೆ ಕೊಡಬೇಡ, ಒಡೆದದ್ದು ಯಾವತ್ತು, ಎಷ್ಟು ಹೊತ್ತಿಗೆ ಎಂದು ಕೇಳು. ಮಳೆಗೆ ಪೆಟ್ಟಿಗೆ ನೆಂದಿದ್ದರೆ ಮೊದಲು ಮರಿಗಳನ್ನು ಕಾವಿಗೆ ಬಿಡು. ಒದ್ದೆ ಗರಿ ಒಂದಕ್ಕೊಂದು ಅಂಟಿ ಏನೂ ತಿಳಿಯುವುದಿಲ್ಲ, ಚಳಿಗೆ ಸಿಕ್ಕ ಮರಿ ಉಳಿಯುವುದೂ ಇಲ್ಲ. ಮೊದಲ ವಾರ ಕಾವು 33ರಿಂದ 35 ಡಿಗ್ರಿ ಇರಲಿ. ಜೂನ್‌ನಲ್ಲಿ ಕರೆಂಟ್ ನಂಬುವಂತಿಲ್ಲ, ಕೆಂಡದ ಮಡಕೆ ಸಿದ್ಧವಿಟ್ಟುಕೋ. ಹೊಗೆ ಹೊರಗೆ ಹೋಗಲು ದಾರಿ ಬಿಡು.

ಬಣ್ಣ ನೋಡಿ ಹೇಳುವ ಮರಿ ಸಿಕ್ಕಿದರೆ ಕೆಲಸ ಎಷ್ಟೋ ಸಲೀಸು. ರೋಡ್ ಐಲೆಂಡ್ ರೆಡ್‌ನಂಥ ಕೆಂಪು ಹುಂಜಕ್ಕೆ ಲೈಟ್ ಸಸೆಕ್ಸ್‌ನಂಥ ಬೆಳ್ಳಿ ಬಣ್ಣದ ಹೇಂಟೆ ಕೂಡಿಸಿದರೆ ಗಂಡುಮರಿ ತಿಳಿಹಳದಿ, ಹೆಣ್ಣುಮರಿ ಕಂದು. ಅದೇ ಕೆಂಪು ಹುಂಜಕ್ಕೆ ಬಾರ್ಡ್ ಪ್ಲೈಮೌತ್ ರಾಕ್ ಹೇಂಟೆಯಾದರೆ ಮರಿಗಳೆಲ್ಲ ಕಪ್ಪು, ನೆತ್ತಿಯ ಮೇಲೆ ಬಿಳಿ ಬೊಟ್ಟಿದ್ದದ್ದು ಗಂಡು. ಇಲ್ಲೂ ಅಪ್ಪ ಅಮ್ಮ ಅದಲುಬದಲಾದರೆ ಗುರುತು ಮಾಯ. ಬಿಳಿ ಕೋಳಿಯೆಲ್ಲ ಬೆಳ್ಳಿಯಲ್ಲ, ಬಿಳಿ ಲೆಗ್‌ಹಾರ್ನ್ ತಂದು ಈ ಲೆಕ್ಕ ಹಾಕಬೇಡ. ತಲೆಮಾರು ಕಳೆದರೂ ಬಣ್ಣದ ಗುರುತು ಉಳಿಯುವ ಶುದ್ಧ ತಳಿಯೂ ಇದೆ. ಪನ್ನೆಟ್ ಮತ್ತು ಪೀಸ್ ಎಂಬ ವಿಜ್ಞಾನಿಗಳು 1929ರಲ್ಲಿ ಕೇಂಬ್ರಿಜ್‌ನಲ್ಲಿ ಮಾಡಿದ ಕ್ಯಾಂಬಾರ್ ಅಂಥದ್ದು. ಗೋಣಿಕೊಪ್ಪ ಸಂತೆಗೆ ಬರುವ ಬುಟ್ಟಿಯಲ್ಲಿ ಅದನ್ನು ಹುಡುಕಬೇಡ.

ನಿನಗೆ ಸಿಗುವುದು ಬಹುಶಃ ಗಿರಿರಾಜವೋ ಸ್ವರ್ಣಧಾರವೋ. ಬೆಂಗಳೂರಿನ ಹೆಬ್ಬಾಳದಲ್ಲಿ ಆದ ಒಳ್ಳೆಯ ಕೋಳಿಗಳೇ. ಆದರೆ ಹೆಚ್ಚಾಗಿ ಗಂಡು ಹೆಣ್ಣು ಬೆರಕೆಯಾಗಿಯೇ ಮಾರುತ್ತಾರೆ, ಮೈಬಣ್ಣವೂ ಬಗೆಬಗೆ. ಇವಕ್ಕೆ ಮೊದಲ ದಿನ ರೆಕ್ಕೆ ಬಿಡಿಸುವ ಶ್ರಮ ಬೇಡ, ಕಾಯಬೇಕು. ಐದಾರು ವಾರಕ್ಕೆ ಗಂಡಿನ ಜುಟ್ಟು ಅಗಲವಾಗಿ ಕೆಂಪೇರುತ್ತದೆ, ಕಾಲು ದಪ್ಪ. ಮೂರು ನಾಲ್ಕು ವಾರದಲ್ಲಿ ಗಂಡಿನ ಬೆನ್ನು ಭುಜ ಬೋಳಾಗಿ, ಹೆಣ್ಣಿಗೆ ಆಗಲೇ ಬಾಲ ಬಂದಿರುವುದೂ ಉಂಟು. ಅದೊಂದನ್ನೇ ನಂಬಬೇಡ. ಜಾಗ ಸಾಲದೆ ಒಂದನ್ನೊಂದು ಕುಕ್ಕಿದರೆ, ಮೇವಿನಲ್ಲಿ ಪ್ರೋಟೀನ್ ಕಡಿಮೆಯಾದರೆ ಹೆಣ್ಣಿನ ಬೆನ್ನೂ ಬೋಳಾಗುತ್ತದೆ. ಕುಕ್ಕಿದ್ದಾದರೆ ಮುರಿದ ಕಡ್ಡಿ, ರಕ್ತದ ಕಲೆ ಕಾಣುತ್ತದೆ. ಹುಟ್ಟಿನಿಂದಲೇ ಬೋಳಾದರೆ ಚರ್ಮ ನಯವಾಗಿರುತ್ತದೆ.

ಪಕ್ಕಾ ಗುರುತು ಸಿಗುವುದು ಮೂರು ತಿಂಗಳ ಹೊತ್ತಿಗೆ. ಬಾಲದ ಬುಡದಲ್ಲಿ, ಸೊಂಟದ ಎರಡೂ ಪಕ್ಕ, ಒಂದು ಗರಿ ಎತ್ತಿ ನೋಡು. ತುದಿ ಚೂಪಾಗಿ, ಸಪೂರವಾಗಿ, ಹೊಳೆಯುತ್ತಿದ್ದರೆ ಹುಂಜ. ಉಗುರಿನಂತೆ ಗುಂಡಗಿದ್ದರೆ ಹೇಂಟೆ. ಗರಿಯನ್ನು ಗುಂಡಗೆ ಮಾಡುವುದು ಅಂಡಾಶಯದ ಈಸ್ಟ್ರೋಜನ್ ಎಂಬ ಹಾರ್ಮೋನು. ಮುದಿ ಹೇಂಟೆಯ ಅಂಡಾಶಯ ಕೆಟ್ಟರೆ ಅದಕ್ಕೂ ಹುಂಜದ ಗರಿ ಬಂದು, ಕೂಗುವುದೂ ಉಂಟು. ‘ಹೇಂಟೆ ಕೂಗಿದರೆ ಮನೆಗೆ ಕೇಡು’ ಎಂದು ಅಜ್ಜಿಯಂದಿರು ಹೆದರಿಸುವುದು ಅದನ್ನೇ. ಕೇಡೇನಿದ್ದರೂ ಆ ಕೋಳಿಯ ಮೊಟ್ಟೆಗೆ ಅಷ್ಟೇ. ಮೊಟ್ಟೆ ಚೂಪಾಗಿದ್ದರೆ ಗಂಡು, ದಾರಕ್ಕೆ ಸೂಜಿ ಕಟ್ಟಿ ತೂಗಿದರೆ ತಿಳಿಯುತ್ತದೆ ಎನ್ನುವವರಿಗೆ ಕಾಫಿ ಕೊಟ್ಟು ಕಳಿಸು.

ಬೇರೆ ಮಾಡಿದ ಮೇಲೆ ಹುಂಜಗಳಿಗೆ ಲೇಯರ್ ಮೇವು, ಅಂದರೆ ಮೊಟ್ಟೆಯಿಡುವ ಕೋಳಿಯ ಮೇವು, ಹಾಕಬೇಡ. ಅದರಲ್ಲಿ ಕ್ಯಾಲ್ಸಿಯಂ ನೂರಕ್ಕೆ ಮೂರೂವರೆಯಿಂದ ನಾಲ್ಕು ಪಾಲು, ಎಳೆ ಕೋಳಿಯ ಮೂತ್ರಪಿಂಡ ಕೆಡುತ್ತದೆ. ಹೇಂಟೆಗಳಿಗೂ ಮೊಟ್ಟೆಗೆ ಬರುವ ತನಕ ಬೆಳೆಯುವ ಕೋಳಿಯ ಗ್ರೋವರ್ ಮೇವೇ ಸಾಕು. ಗುರುತಿಗೆಂದು ಕಾಲಿಗೆ ದಾರ ಕಟ್ಟಬೇಡ, ಬೆಳೆದಂತೆ ಮಾಂಸಕ್ಕೆ ಇಳಿಯುತ್ತದೆ. ಸುರುಳಿ ಪ್ಲಾಸ್ಟಿಕ್ ಉಂಗುರ ಹಾಕಿ ಹದಿನೈದು ದಿನಕ್ಕೊಮ್ಮೆ ಸಡಿಲವಿದೆಯೇ ನೋಡು.

ಮರಿ ಬಂದ ದಿನ ಸಂಶಯದ ಪೆಟ್ಟಿಗೆಯವುಗಳ ಫೋಟೋ ಕಳಿಸು. ರೆಕ್ಕೆಯ ಮೇಲ್ಭಾಗದಿಂದ ತೆಗೆ, ಗರಿಯ ತುದಿಗಳು ಸ್ಪಷ್ಟವಾಗಿರಲಿ, ಹಿಂದೆ ಕಪ್ಪು ಬಟ್ಟೆ ಹಿಡಿ. ಒಂದೊಂದಕ್ಕೂ ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಬೇಡ.

ನಿನ್ನ ದೊಡ್ಡಮ್ಮ