ಹೊಸ್ತಿಲಿಲ್ಲದ ಕನಸು

ಜಯನಗರ, ಬೆಂಗಳೂರು

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ.

ನೋಡಲೇಬೇಕೆಂದು ನೀನು ಹಟ ಹಿಡಿದಿದ್ದ, ಜಪಾನಿನ ನಿರ್ದೇಶಕ ಸತೋಶಿ ಕೋನ್ ಅವರ ‘ಪಪ್ರಿಕಾ’ ಎಂಬ ಅನಿಮೇಷನ್ ಚಿತ್ರವನ್ನು ಭಾನುವಾರ ರಾತ್ರಿ ನೋಡಿದೆವು. ನಿನ್ನ ಅಪ್ಪ ಅರ್ಧಕ್ಕೇ ನಿದ್ದೆಹೋದರು. ಕನಸಿನ ಚಿತ್ರಕ್ಕೆ ಅದೂ ಒಂದು ಮರ್ಯಾದೆಯೇ ಇರಬೇಕು.

2006ರ ಈ ಚಿತ್ರದಲ್ಲಿ, ರೋಗಿಯ ಕನಸನ್ನು ಹೊಕ್ಕು ಚಿಕಿತ್ಸೆ ನೀಡಲೆಂದು ರೂಪಿಸಿದ ‘ಡಿಸಿ ಮಿನಿ’ ಎಂಬ ಉಪಕರಣ ಕಳುವಾಗುತ್ತದೆ. ಒಬ್ಬರ ಕನಸು ಮತ್ತೊಬ್ಬರ ಎಚ್ಚರಕ್ಕೆ ನುಗ್ಗುತ್ತದೆ. ಆದರೆ ನನ್ನನ್ನು ಕಾಡಿದ್ದು ಉಪಕರಣವಲ್ಲ, ಒಂದು ಬೇಲಿ. ಸಹೋದ್ಯೋಗಿಯ ಮನೆಯನ್ನು ಶೋಧಿಸಲು ಹೋದ, ಆ ಕನಸಿನ ಚಿಕಿತ್ಸೆ ನೀಡುವ ಡಾಕ್ಟರ್ ಚಿಬಾ, ಅಲ್ಲಿಂದ ಹೇಗೋ ಪಾಳುಬಿದ್ದ ಅಮ್ಯೂಸ್‌ಮೆಂಟ್ ಪಾರ್ಕೊಂದಕ್ಕೆ ಬಂದು, ಅಲ್ಲಿನ ಬೇಲಿಯನ್ನು ದಾಟಲು ಹೊರಡುತ್ತಾಳೆ; ಮರುಕ್ಷಣ ಅದು ಬಹುಮಹಡಿ ಕಟ್ಟಡದ ಬಾಲ್ಕನಿಯ ಕಂಬಿಯೆಂದು ಅವಳೊಂದಿಗೆ ನಮಗೂ ತಿಳಿಯುತ್ತದೆ.

ನಾವು ಕೆಂಪೇಗೌಡ ರಸ್ತೆಯ ಟಾಕೀಸುಗಳಲ್ಲಿ ನೋಡುತ್ತಿದ್ದ ಚಿತ್ರಗಳಲ್ಲಿ ಕನಸಿಗೊಂದು ಹೊಸ್ತಿಲಿರುತ್ತಿತ್ತು: ಪರದೆ ನೀರಿನಂತೆ ನಡುಗುತ್ತಿತ್ತು, ಬಿಳಿ ಹೊಗೆ ಏಳುತ್ತಿತ್ತು, ಪ್ರೇಕ್ಷಕನು ಚಪ್ಪಲಿ ಬಿಟ್ಟು ಒಳಗೆ ಹೋಗುವಷ್ಟು ಸಮಯ ಸಿಗುತ್ತಿತ್ತು. ಕೋನ್ ಆ ಹೊಸ್ತಿಲನ್ನೇ ಕಿತ್ತುಹಾಕಿದ್ದಾರೆ. ಇದು ಅನಿಮೇಷನ್‌ಗೇ ಹೆಚ್ಚು ಸಲ್ಲುವ ಉಪಾಯವೆಂದು ನನಗನ್ನಿಸಿತು. ನಟರಿರುವ ಚಿತ್ರದಲ್ಲಿ ಗ್ರಾಫಿಕ್ಸ್ ಎಲ್ಲಿ ಶುರುವಾಯಿತೆಂದು ಕಣ್ಣು ಸಾಮಾನ್ಯವಾಗಿ ಹಿಡಿದುಬಿಡುತ್ತದೆ. ಇಲ್ಲಿ ಬೇಲಿಯನ್ನೂ ಕಂಬಿಯನ್ನೂ ಬರೆದದ್ದು ಒಂದೇ ಬಗೆಯ ಗೆರೆ, ತುಂಬಿದ್ದು ಒಂದೇ ಬಗೆಯ ಬಣ್ಣ.

ಫ್ರಿಜ್ಜು, ಗೊಂಬೆ, ವಾದ್ಯ ನುಡಿಸುವ ಕಪ್ಪೆಗಳ ಆ ಮೆರವಣಿಗೆ ಬಂದಾಗ, ಅಟ್ಟದ ಮೇಲಿನ ನಮ್ಮ ದಸರಾ ಗೊಂಬೆಗಳು ತಾವಾಗಿಯೇ ಇಳಿದು ಹೊರಟಂತೆ ಮೈ ಜುಮ್ಮೆಂದಿತು. ನಿನ್ನ ತಾತ ಹೇಳಿಕೊಡುತ್ತಿದ್ದ ಮಾಂಡೂಕ್ಯ ಉಪನಿಷತ್ತೂ ನೆನಪಾಯಿತು (ಮಂಡೂಕವೆಂದರೆ ಕಪ್ಪೆ, ನಗಬೇಡ). ಎಚ್ಚರದಲ್ಲಿ ಕಂಡದ್ದೂ ಕನಸಿನಷ್ಟೇ ಮಿಥ್ಯೆಯೆಂದು ಗೌಡಪಾದರು ಅದಕ್ಕೆ ಪದ್ಯದಲ್ಲಿ ಬರೆದ ವಿವರಣೆಯಾದ ಕಾರಿಕೆಯಲ್ಲಿ ವಾದಿಸಿದರೆ, ಕನಸು ಎಚ್ಚರವಾದೊಡನೆ ಸುಳ್ಳಾಗುತ್ತದೆ, ಎಚ್ಚರದಲ್ಲಿ ಕಂಡದ್ದು ಹಾಗೆ ಸುಳ್ಳಾಗುವುದಿಲ್ಲ, ಆದ್ದರಿಂದ ಎರಡೂ ಒಂದಲ್ಲವೆಂದು ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಹೇಳುತ್ತಾರೆ. ಈ ಚಿತ್ರ ನಮ್ಮಿಂದ ಕಸಿದುಕೊಳ್ಳುವುದು ಆ ಒಂದು ಪರೀಕ್ಷೆಯನ್ನೇ: ಇಲ್ಲಿ ಎದ್ದರೂ ಕನಸು ಸುಳ್ಳಾಗುವುದಿಲ್ಲ. ಊರನ್ನೇ ನುಂಗುವ ಕೊನೆಯ ಗದ್ದಲ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಒಂದು ಕಂಬಿ ಹುಟ್ಟಿಸಿದ ಭಯವನ್ನು ಅಷ್ಟು ದೊಡ್ಡ ಪ್ರಳಯ ಹುಟ್ಟಿಸಲಿಲ್ಲ.

ಅಂದು ನಸುಕಿನಲ್ಲಿ ನೀರು ಕುಡಿಯಲೆಂದು ಎದ್ದೆ. ಹಳೆಯ ಮನೆ ಕೆಡವಿಸಿ ಈ ಫ್ಲ್ಯಾಟಿಗೆ ಬಂದು ಆರು ವರ್ಷವಾಯಿತಲ್ಲ. ಆದರೂ ನನ್ನ ಎಡಗೈ ಬಾಗಿಲ ಪಕ್ಕದ ಗೋಡೆಯಲ್ಲಿ, ನಿನ್ನ ತಾತ ಹಾಕಿಸಿದ್ದ ಆ ಕಪ್ಪು ದುಂಡು ಸ್ವಿಚ್ಚನ್ನು ಹುಡುಕುತ್ತಿತ್ತು. ಬೆರಳಿಗೆ ನುಣ್ಣನೆಯ ಗೋಡೆಯಷ್ಟೇ ಸಿಕ್ಕಿತು. ಕತ್ತಲಲ್ಲಿ ಇನ್ನೊಂದಿಷ್ಟು ಹೊತ್ತು ತಡವುತ್ತಲೇ ಇದ್ದೆ.

ಇಂತಿ ನಿನ್ನ,
ಅಮ್ಮ